ತಾಡಪತ್ರಿ ಮಡಚುವ ಭಾನುವಾರ

ಇವತ್ತು ನಮ್ಮ ಬಿಲ್ಡಿಂಗಿನ ವಾಚ್‌ಮನ್ ಗೇಟಿನ ಮೇಲೆ ಮಳೆಗೆ ಕಟ್ಟಿದ್ದ ನೀಲಿ ಪ್ಲಾಸ್ಟಿಕ್ ತಾಡಪತ್ರಿ ಬಿಚ್ಚಿದ. ಅದರ ಮುಗ್ಗು ವಾಸನೆ ಬಾಲ್ಕನಿಗೆ ಬಂದದ್ದೇ, ನಾನು ಠಾಣೆ ಶಹರದ ತಲಾವಿನ, ಅಂದರೆ ಕೆರೆಯ, ದಂಡೆಯಲ್ಲಿದ್ದ ನಮ್ಮ ಹಳೇ ಶೀಟಿನ ಮನೆಗೆ ಹೋಗಿಬಿಟ್ಟೆ.

ದಸರಾ ಮುಗಿದ ಮೇಲಿನ ಭಾನುವಾರ ಅಪ್ಪ ಹೋಟೆಲಿಗೆ ರಜೆ ಹಾಕಿ, ಮಳೆಗೆಂದು ಮಾಡಿಗೆ ಹೊದಿಸಿದ್ದ ತಾಡಪತ್ರಿ ಇಳಿಸುತ್ತಿದ್ದರು. ಅಮ್ಮ ಪೆಟ್ಟಿಗೆಯಿಂದ ಕಂಬಳಿಗಳನ್ನು ತೆಗೆದು ತಲಾವಿನ ಕಟ್ಟೆಯ ಮೇಲೆ ಬಿಸಿಲಿಗೆ ಹಾಕುತ್ತಿದ್ದಳು.

"ಠಾಣೆಯಲ್ಲಿ ಥಂಡಿ ಎಲ್ಲಿದೆ ಮಾರಾಯ್ತಿ?" ಅಂತ ಅಪ್ಪ ನಗುತ್ತಿದ್ದರು.

"ಬಂದರೆ?" ಅನ್ನುತ್ತಿದ್ದಳು ಅಮ್ಮ.

ತೊಳೆದು ಒಣಗಿಸಿದ ತಾಡಪತ್ರಿಯ ಒಂದು ತುದಿ ಅಪ್ಪನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. "ಏಕ್ ಮಸಾಲಾ ದೋಸಾ!" ಅಂತ ಅಪ್ಪ ಹೋಟೆಲಿನಲ್ಲಿ ಆರ್ಡರ್ ಹೇಳಿದ ಹಾಗೆ ಕೂಗಿದರೆ, ಇಬ್ಬರೂ ಎದುರೆದುರು ನಡೆದು ಬಂದು ಅಂಚಿಗೆ ಅಂಚು ಕೂಡಿಸಬೇಕು. ನಾನು ಏಳುವ ಮೊದಲೇ ಹೋಗಿ, ಮಲಗಿದ ಮೇಲೆ ಬರುತ್ತಿದ್ದ ಅಪ್ಪನ ಕೈ ನನ್ನ ಕೈಗೆ ತಾಗುತ್ತಿದ್ದದ್ದು ಆಗ ಮಾತ್ರ. ನಾನು ಬೇಕೆಂದೇ ಅಂಚು ತಪ್ಪಿಸುತ್ತಿದ್ದೆ. ಅಪ್ಪ ಒಮ್ಮೆಯೂ ಬೈಯಲಿಲ್ಲ. "ಸರಿಯಾಗಲಿಲ್ಲ, ಪುನಃ" ಅನ್ನುತ್ತಿದ್ದರು.

ಈಗ ನಾನೂ ಥಂಡಿಗೆ ಮೊದಲು ಕಂಬಳಿ ಬಿಸಿಲಿಗೆ ಹಾಕುತ್ತೇನೆ. ಮಡಚುವಾಗ ಒಂದು ತುದಿಯನ್ನು ಬಾಲ್ಕನಿಯ ಗ್ರಿಲ್ಲಿಗೆ ಸಿಕ್ಕಿಸಿ, ಇನ್ನೊಂದನ್ನು ಹಿಡಿದು ನಡೆಯುತ್ತೇನೆ. ಅಂಚು ಪ್ರತಿಸಲವೂ ಸರಿಯಾಗಿಯೇ ಕೂಡುತ್ತದೆ.