ಚಂದ್ರನಿಲ್ಲದ ಆಲ್ಬಮ್

ಖಗೋಳದ ಮೇಷ್ಟ್ರು ಮಾದರಿಗೆಂದು ತಾವೇ ತೆಗೆದ ಹುಣ್ಣಿಮೆ ಚಂದ್ರನನ್ನು ಪರದೆಯ ಮೇಲೆ ಹಿಗ್ಗಿಸಿದರೆ, ಅದರ ಕೆಳಗೆ ಬೀದಿದೀಪದ ಕಂಬ ಕಾಣಿಸಿ ತರಗತಿಯೆಲ್ಲ ಬಿದ್ದುಬಿದ್ದು ನಕ್ಕಿತು. ಮೇಷ್ಟ್ರು ಜಗ್ಗುವ ಆಸಾಮಿಯಲ್ಲ. "ಮೊದಲು ತಲೆ ಎತ್ರಪ್ಪ, ಆಮೇಲೆ ಫೋನ್ ಎತ್ತಿ" ಎನ್ನುತ್ತ, ಅಮಾವಾಸ್ಯೆಯಿಂದ ಹುಣ್ಣಿಮೆವರೆಗೆ ಸಂಜೆಗೊಂದು ಫೋಟೊ ಸೇರಿಸಿ ಡಿಜಿಟಲ್ ಆಲ್ಬಮ್ ಮಾಡಲು ಹೇಳಿದರು. ಇಂಟರ್‌ನೆಟ್ಟಿನಿಂದ ಇಳಿಸಿದ ಚೆಲುವ ಚಂದ್ರರನ್ನು ಕಂಡರೆ ಕಳ್ಳಮಾಲು ಹಿಡಿದ ಪೇದೆಯಂತೆ ಮೀಸೆ ತಿರುವುವರು. ಕೈ ನಡುಗಿ ಸೊಟ್ಟಗಾದ ಚಂದ್ರನನ್ನು ಮಾತ್ರ ಮೊಮ್ಮಗನಂತೆ ಮುದ್ದಿಸುವರು. ಬೆಟ್ಟದ ಮೇಲಿನ ಹುಡುಗಿಯೊಬ್ಬಳ ಆಲ್ಬಮಿನ ತುಂಬ ಬರೀ ಮೋಡ. ಅವಳಿಗೇ ಪೂರ್ತಿ ಅಂಕ! ಪ್ರಾಂಶುಪಾಲೆ ಸಿಡಿದರು: "ಚಂದ್ರನೇ ಇಲ್ಲವಲ್ರೀ, ಇವಳನ್ನ ಹೇಗೆ ಪಾಸ್ ಮಾಡ್ತೀರಿ?" "ಅವಳು ದಿನಾ ಬಂದು ಕಾದಿದ್ದಾಳೆ ಮೇಡಂ. ಚಕ್ಕರ್ ಹೊಡೆದವನು ಚಂದ್ರ."