ಮಗುಚಿಟ್ಟು ನೋಡಿದ ವಿಮಾನ

ತರೀಕೆರೆಯಲ್ಲಿ ಷರಟು ಹೊಲಿಸಿದವರಿಗೆಲ್ಲ ಜುಲ್ಫಿಕರ್ ಮಾಸ್ಟರು ಗೊತ್ತು. ಅದೇ ಕೈ ಭಾನುವಾರ ಬಂತೆಂದರೆ ಕತ್ತರಿ ಬಿಟ್ಟು ಆಟದ ವಿಮಾನದ ರಿಮೋಟ್ ಹಿಡಿಯುತ್ತದೆ ಎಂಬುದು ಎಷ್ಟು ಜನಕ್ಕೆ ಗೊತ್ತು ಹೇಳಿ!

ಮಾಸ್ಟರು ವಿಮಾನ ಕಟ್ಟುವುದೂ ದರ್ಜಿಯ ಹಾಗೆಯೇ. ಹಳೆಯ ಯುದ್ಧವಿಮಾನದ ಚಿತ್ರ ನೋಡಿ ಮೊದಲು ಪೇಪರ್ ಕಟಿಂಗ್, ಆಮೇಲೆ ಫೋಮ್ ಶೀಟಿನ ಮೇಲೆ ಸೀಮೆಸುಣ್ಣದ ಗೆರೆ, ಆಮೇಲೆ ಬ್ಲೇಡು, ಅಂಟು. ಈ ಸಲದ್ದು ರೆಕ್ಕೆಯ ತುದಿಯಿಂದ ತುದಿಗೆ ಗಜಕ್ಕೆ ನಾಲ್ಕಿಂಚು ಕಮ್ಮಿ. ಮೂತಿಗೆ ಕೆಂಪು ಬಾಯಿ, ಸಾಲಾಗಿ ಬಿಳಿ ಹಲ್ಲು.

ಹಾರಿಸುವುದೆಲ್ಲಿ? ತರೀಕೆರೆ ಸುತ್ತ ತೋಟ, ಕಡೂರಿನ ಬಯಲಲ್ಲಿ ಕರೆಂಟಿನ ತಂತಿ. ಸಿಕ್ಕಿದ್ದು ಯಗಟಿಯ ಅಂಜಿನಪ್ಪನ ರಾಗಿ ಕೊಯ್ದ ಹೊಲ ಒಂದೇ. ಅಲ್ಲೂ ಹೋದ ತಿಂಗಳು ವಿಮಾನ ಅವನ ಕುರಿಮಂದೆಯ ನಡುವೆ ಬಿದ್ದು, ಗಬ್ಬದ ಕುರಿಯೊಂದು ಬೆದರಿ ಕತ್ತಾಳೆ ಬೇಲಿಗೆ ನುಗ್ಗಿ ಕಾಲು ಸೀಳಿಕೊಂಡಿತ್ತು.

ಅವತ್ತು ಮುರಿದ ವಿಮಾನದ ಬಾಲವನ್ನು ಮಾಸ್ಟರು ಹೊಸದಾಗಿ ಕೂರಿಸಿದರು. ಬಾಲದಲ್ಲಿ ಮೇಲೆ ಕೆಳಗೆ ಮಡಚುವ ಪಟ್ಟಿಯೊಂದಿದೆ, ಎಲಿವೇಟರ್. ರಿಮೋಟಿನ ಕಡ್ಡಿಯನ್ನು ನಮ್ಮತ್ತ ಎಳೆದರೆ ಆ ಪಟ್ಟಿ ಮೇಲೇಳಬೇಕು, ಆಗ ವಿಮಾನ ಏರುತ್ತದೆ. ಶನಿವಾರ ಸಂಜೆ ಮಾಸ್ಟರು ಕಡ್ಡಿ ಎಳೆದರು, ಪಟ್ಟಿ ಮೇಲೆದ್ದಿತು. ಸರಿ ಅಂದುಕೊಂಡರು. ಎಡವಟ್ಟಾಗಿದ್ದು ಇಲ್ಲೇ. ಮೂವತ್ತು ವರ್ಷ ಬಟ್ಟೆಯನ್ನು ಒಳಮೈ ಮೇಲೆ ಮಾಡಿಟ್ಟೇ ಹೊಲಿದವರು, ವಿಮಾನವನ್ನೂ ಹೊಟ್ಟೆ ಮೇಲಾಗಿ ಮಗುಚಿಟ್ಟಿದ್ದರು. ಆ ‘ಮೇಲೆ’ ನಿಜದಲ್ಲಿ ‘ಕೆಳಗೆ’!

ಭಾನುವಾರ ಬೆಳಿಗ್ಗೆ ಹೊಲದ ಬದುವಿನಲ್ಲಿ ಅಂಜಿನಪ್ಪ ಕೋಲೂರಿ ನಿಂತಿದ್ದ. ಮೂಡಲ ಅಂಚಿನಲ್ಲಿ ಮಂದೆ.

"ಮಾಸ್ಟ್ರೇ, ಹಲ್ಯಾಕ್ ಬರ್ದಿದ್ದೀರಾ? ನನ್ ಕುರಿ ತಿನ್ನಕ್ಕಾ?"

"ಚೆಂದಕ್ಕೆ ಕಣಪ್ಪಾ."

"ಚೆಂದ ನಿಮ್ಗೆ, ಬ್ಯಾನೆ ನಮ್ಗೆ. ಇವತ್ತೇನಾರ ಮಂದೆ ಬೆದರ್ತೋ, ಈ ಹೊಲದ ಕಡೆ ತಿರುಗಿ ನೋಡ್ಬ್ಯಾಡಿ."

ವಿಮಾನವನ್ನು ಕೈಯಿಂದ ಎಸೆಯುವವಳು ಮಾಸ್ಟರ ಮಗಳು ಉಮ್ಮೆ ಹಾನಿ, ಕಡೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಅಪ್ಪನನ್ನು ಕೇಳಿದಳು, "ಅಬ್ಬಾ, ಎಲ್ಲ ನೋಡಿದ್ರಾ?"

"ನಿನ್ನೇನೇ ನೋಡಾಯ್ತು. ಎಸಿ."

ಮೋಟಾರು ಗುಂಯ್ ಎಂದಿತು. ಅವಳು ನಾಲ್ಕು ಹೆಜ್ಜೆ ಓಡಿ ಎಸೆದಳು. ಕೈ ಬಿಟ್ಟ ವಿಮಾನ ಸ್ವಲ್ಪ ತಗ್ಗಿತು, ಮಾಸ್ಟರು ಕಡ್ಡಿ ಎಳೆದರು. ಮೂತಿ ಕೆಳಗಾಯಿತು. ಇನ್ನಷ್ಟು ಎಳೆದರು. ಇನ್ನಷ್ಟು ಕೆಳಗೆ! ರಾಗಿಕೂಳೆಗೆ ಒಂದು ಗೇಣು, ಎದುರಿಗೆ ಮಂದೆ.

"ಅಬ್ಬಾ!"

ಮೆದುಳಿಗಿಂತ ಮೊದಲು ಬೆರಳಿಗೆ ತಿಳಿಯಿತೇನೋ. ಮಗುಚಿಟ್ಟಿದ್ದೆ! ಮಾಸ್ಟರು ಕಡ್ಡಿಯನ್ನು ಮುಂದಕ್ಕೆ ತಳ್ಳಿದರು. ವಿಮಾನ ನೆಲ ಬಿಟ್ಟು ಎದ್ದು, ಕುರಿಗಳಿಗೆ ಇನ್ನೂ ದೂರವಿದ್ದಾಗಲೇ ಓರೆಯಾಗಿ ತಿರುಗಿ ಆಕಾಶಕ್ಕೇರಿತು. ನಾಲ್ಕು ಕುರಿ ತಲೆಯೆತ್ತಿದವು. ಅಂಜಿನಪ್ಪನೂ ಕೋಲೆತ್ತಿದ.

"ಏನಾಯ್ತ್ರೀ ಅದು?"

ಮಾಸ್ಟರ ಕಣ್ಣು ವಿಮಾನದ ಮೇಲೇ ಇತ್ತು. ಏರಿದ್ದು ದೊಡ್ಡದಲ್ಲ, ಇಳಿಸುವುದು ದೊಡ್ಡದು. ಬ್ಯಾಟರಿ ಐದು ನಿಮಿಷದ್ದು. ಗಾಳಿ ಮೂಡಲಿಂದ, ಗಾಳಿಗೆ ಎದುರಾಗಿಯೇ ಇಳಿಸಬೇಕು. ಅಂದರೆ ನೇರ ಮಂದೆಯ ಕಡೆಗೆ, ಅದೂ ಏರು ಇಳಿ ತಿರುಗುಮುರುಗಾಗಿ.

"ಹಾನೀ, ಪಕ್ಕದಲ್ಲಿ ನಿಂತ್ಕೊ. ‘ಉಲ್ಟಾ’ ಅಂತಿರು, ಬಿಡ್ಬೇಡ."

"ಉಲ್ಟಾ, ಅಬ್ಬಾ. ಉಲ್ಟಾ. ಉಲ್ಟಾ."

ಮಾಸ್ಟರು ಕಣ್ಣ ಮುಂದೆ ಷರಟಿನ ಒಂದು ತೋಳು ತಂದುಕೊಂಡರು. ಒಳಮೈ ಮೇಲಿಟ್ಟು ಹೊಲಿಯುವಾಗ ಎಡ ಬಲವಾಗುತ್ತದೆ, ಕೈ ಗೊಂದಲಪಡುವುದಿಲ್ಲ. ಇದೂ ಒಂದು ತೋಳು. ಪಡುವಲ ತುದಿಯಲ್ಲಿ ತಿರುಗಿಸಿ ಮೋಟಾರು ನಿಲ್ಲಿಸಿದರು. ಸದ್ದಿಲ್ಲ. ವಿಮಾನ ತೇಲುತ್ತಾ ಬಂತು, ಎದೆಯೆತ್ತರ, ಮೊಣಕಾಲೆತ್ತರ. ಕೈ ಎಳೆಯಬೇಕೆಂದಿತು.

"ಉಲ್ಟಾ!"

ಕೂದಲೆಳೆಯಷ್ಟು ತಳ್ಳಿದರು. ಮೂತಿ ಎದ್ದಿತು, ಹೊಟ್ಟೆ ಕೂಳೆಯ ಮೇಲೆ ಸರ್ರನೆ ಜಾರಿ, ಮಂದೆಗೆ ಹತ್ತು ಮಾರು ದೂರದಲ್ಲಿ ನಿಂತಿತು.

ಕಾಲಿನ ಗಾಯ ಇನ್ನೂ ಪೂರ್ತಿ ಮಾಯದ ಕುರಿ ಮಂದೆ ಬಿಟ್ಟು ಕುಂಟುತ್ತಾ ಬಂತು. ವಿಮಾನವನ್ನು ಮೂಸಿತು. ಬಾಲದ ಪಟ್ಟಿಗೆ ಬಾಯಿ ಹಾಕಿ ಒಂದು ಚೂರು ಕಿತ್ತು, ಮೆದ್ದು, ಉಗಿಯಿತು.

ಅಂಜಿನಪ್ಪ ಕೋಲು ಕೆಳಗಿಳಿಸಿದ. "ಹಲ್ ಬರ್ಕೊಂಡಿದ್ ನೀವು, ಕಚ್ಚಿದ್ ನನ್ ಕುರಿ! ಹೋಗ್ಲಿ, ಬರೋ ವಾರ ಬನ್ನಿ ಮಾಸ್ಟ್ರೇ."

ಮಾಸ್ಟರು ನೆಲಕ್ಕೆ ಕುಕ್ಕರಿಸಿದರು. ಬಾಲದ ಪಟ್ಟಿ ಎಳೆಯುವ ತಂತಿ ಸರಿಪಡಿಸಲೆಂದು ವಿಮಾನವನ್ನು ತೊಡೆಯ ಮೇಲೆಳೆದು, ಅಭ್ಯಾಸಬಲದಿಂದ ಹೊಟ್ಟೆ ಮೇಲಾಗಿ ಮಗುಚಿದರು.

ಉಮ್ಮೆ ಹಾನಿ ಬಗ್ಗಿ ಅದನ್ನು ನೆಟ್ಟಗೆ ಮಾಡಿಟ್ಟಳು.