ಒಡೆಯಲೆಂದೇ ಮಾಡಿದ ಟ್ಯಾಂಕು

ನಾನು ಶಿಕಾರಿಪುರಕ್ಕೆ ಬಂದಿದ್ದು ಒಂದು ಟ್ಯಾಂಕು ಒಡೆಯಲು. ಹಾಗೆಂದಿದ್ದರೆ ಜನ ನಗುತ್ತಿದ್ದರು; ಬಾಡಿಗೆ ಮನೆಯ ಯಜಮಾನಿಗೆ ಕಂಪನಿ ಕೆಲಸ ಎಂದಷ್ಟೇ ಹೇಳಿದ್ದೆ. ನಮ್ಮದು ಸಣ್ಣ ರಾಕೆಟ್ ಕಟ್ಟುವ ಖಾಸಗಿ ಕಂಪನಿ. ಅದರಲ್ಲಿ ಇಂಧನದ ಟ್ಯಾಂಕು ನನ್ನ ಪಾಲು. ಎಂಜಿನ್ನಿನ ನಾಝಲ್, ಅಂದರೆ ಬೆಂಕಿ ಹೊರಗೆ ನುಗ್ಗುವ ಗಂಟೆಯಾಕಾರದ ಬಾಯಿ, ನನ್ನ ಸಹೋದ್ಯೋಗಿಯೊಬ್ಬನ ಪಾಲು. ಸೊರಬಕ್ಕೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸಾಕಷ್ಟು ಒಳಗೆ, ಮುಚ್ಚಿಹೋದ ಅಕ್ಕಿ ಗಿರಣಿಯೊಂದನ್ನು ಪರೀಕ್ಷೆಗೆಂದು ಹುಡುಕಿಕೊಟ್ಟವನೂ ಅವನೇ. ಅವನ ಊರು ಹೊಸಬಾಳೆ.

ಆದರೆ ಅವನು ಎಂಜಿನ್ ತಂಡದ ಜೊತೆ ಹೆಡ್ ಆಫೀಸಿನಲ್ಲಿದ್ದ. ಗಿರಣಿಯಲ್ಲಿ ನಾನೊಬ್ಬಳೇ. ಗೇಟಿನ ಹತ್ತಿರ ಒಬ್ಬ ಕಾವಲುಗಾರ ಇರುತ್ತಿದ್ದ, ಮಾತು ಕಡಿಮೆ. ಮಧ್ಯಾಹ್ನ ನಾನು ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಸರಿಯಾಗಿ ನಾಝಲ್ಲಿನವನ ಫೋನು ಬರುತ್ತಿತ್ತು.

"ನಂಗೆ ಇನ್ನರ್ಧ ಕೆಜಿ ಬೇಕು ಮಾರಾಯ್ತಿ. ನಾಝಲ್ಲು ಇನ್ನೊಂಚೂರು ಉದ್ದ ಮಾಡ್ತೀನಿ. ಮೇಲೆ ಹೋದಷ್ಟೂ ಅದೇ ಲಾಭ."

"ನನ್ನ ಟ್ಯಾಂಕಿನ ಗೋಡೆ ಈಗಾಗಲೇ ಕಾಗದ ಆಗಿದೆ. ಎಲ್ಲಿಂದ ತರಲಿ?"

"ಕೆರೆದು ನೋಡು, ಸಿಗ್ತದೆ."

ರಾಕೆಟ್ಟಿನ ಒಟ್ಟು ತೂಕ ಮೀರುವಂತಿರಲಿಲ್ಲ; ಅವನು ತೂಕ ಏರಿಸಿದರೆ ನಾನು ಇಳಿಸಬೇಕು. ಹೀಗೆ ಜಗಳವಾಡುತ್ತಲೇ ನನ್ನ ಊಟ ಮುಗಿಯುತ್ತಿತ್ತು. ಉಳಿದ ದಿನವೆಲ್ಲ ಪಂಪು, ಪೈಪು, ತೂಕದ ಲೆಕ್ಕ.

ಮೊದಲೆಲ್ಲ ನಾವು ಅಲ್ಯೂಮಿನಿಯಂ ಹಾಳೆಗಳ ಅಂಚನ್ನು ಕರಗಿಸಿ ಬೆಸೆಯುತ್ತಿದ್ದೆವು. ಕರಗಿ ಗಟ್ಟಿಯಾದ ಜಾಗದಲ್ಲಿ ಲೋಹದ ಬಲ ಕುಂದುತ್ತದೆ. ಅದಕ್ಕಾಗಿ ಅಲ್ಲಿ ದಪ್ಪ ಬಿಡಬೇಕು, ದಪ್ಪವೆಂದರೆ ತೂಕ. ಹೊಸ ವಿಧಾನದಲ್ಲಿ ಕರಗಿಸುವುದಿಲ್ಲ. ಗಿರಗಿರ ತಿರುಗುವ ಉಕ್ಕಿನ ಮೊಳೆಯೊಂದನ್ನು ಎರಡು ಹಾಳೆ ಕೂಡುವಲ್ಲಿ ಒತ್ತಿ ಸಾಗಿಸುತ್ತಾರೆ. ಆ ತಿಕ್ಕಾಟದ ಬಿಸಿಗೆ ಲೋಹ ಮೆತ್ತಗಾಗಿ, ನಾದಿದ ಹಿಟ್ಟಿನಂತೆ ಒಂದರೊಳಗೊಂದು ಸೇರಿಕೊಳ್ಳುತ್ತದೆ. ಆ ಬೆಸುಗೆಯನ್ನು ನಂಬಿಯೇ ನಾನು ಗೋಡೆ ತೆಳು ಮಾಡಿದ್ದು. ಈಗ ಟ್ಯಾಂಕಿಗೆ ನೀರು ತುಂಬಿ, ಅದು ಒಡೆಯುವವರೆಗೂ ಒತ್ತಡ ಏರಿಸಬೇಕು. ಹಾಳೆ ಹರಿದರೆ ಗೆದ್ದಂತೆ. ಬೆಸುಗೆ ಬಿಟ್ಟರೆ ಎಲ್ಲವೂ ಮೊದಲಿಂದ.

ಪರೀಕ್ಷೆಗೆ ತಿಂಗಳಿರುವಾಗ ಅವನು ಕೆಲಸ ಬಿಟ್ಟ. ಇನ್ನೊಂದು ರಾಕೆಟ್ ಕಂಪನಿ ಕರೆದಿತ್ತು. ಅದನ್ನು ಹೇಳಲು ಗಿರಣಿಗೇ ಬಂದಿದ್ದ. ಟ್ಯಾಂಕಿನ ಸುತ್ತ ಒಂದು ಸುತ್ತು ಹಾಕಿ, ಬೆಸುಗೆಯ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದ.

"ಅಲ್ಲಿ ದೊಡ್ಡ ಎಂಜಿನ್ನು. ಇಲ್ಲಿ ನಂದು ಇನ್ನೆಷ್ಟು ದಿನ ಇಷ್ಟೇ?"

"ಹೋಗು," ಎಂದೆ. ರಸ್ತೆಯವರೆಗೆ ಜೊತೆಗೆ ನಡೆದು ಸೊರಬದ ಬಸ್ಸು ಹತ್ತಿಸಿ ಬಂದೆ. ಮಾರನೆಯ ದಿನ ಡಬ್ಬಿ ಬಿಚ್ಚಿದಾಗ ಫೋನನ್ನು ಬ್ಯಾಗಿನೊಳಗೇ ಬಿಟ್ಟೆ.

ಪರೀಕ್ಷೆಗೆ ತಂಡವೆಲ್ಲ ಬರುವುದೆಂದಿತ್ತು. ಕೊನೆಗೆ ಎಂಜಿನ್ ಉರಿಸುವ ಕೆಲಸವೂ ಅದೇ ದಿನಕ್ಕೆ ಬಂದುಬಿದ್ದು, ಕ್ಯಾಮೆರಾ ಇದೆಯಲ್ಲ, ನೀವೇ ಮಾಡಿಬಿಡಿ ಎಂದರು. ಬೆಳಿಗ್ಗೆ ಟ್ಯಾಂಕು ಇಳಿಸಿದ ಗುಂಡಿಯ ಸುತ್ತ ಮರಳಿನ ಚೀಲಗಳನ್ನು ಇನ್ನೊಮ್ಮೆ ನೋಡುತ್ತಿದ್ದೆ. ಬೇಲಿಯಾಚೆ ದಿನವೂ ಕುರಿ ಮೇಯಿಸುವ ಹೆಂಗಸು ಬಂದಳು. ಇವತ್ತು ಸ್ವಲ್ಪ ದೂರ ಹೊಡ್ಕೊಂಡು ಹೋಗಿ, ದೊಡ್ಡ ಸದ್ದಾಗ್ತದೆ ಎಂದೆ.

"ಇಷ್ಟು ದಿನದಿಂದ ಒರೆಸಿ ಒರೆಸಿ ಇಟ್ಟೀರಿ. ಅದನ್ನ ಒಡ್ಯಾಕಂತ ಮಾಡೀರೇನ್ರಿ?"

"ಹೌದು."

ಅವಳು ಸ್ವಲ್ಪ ಹೊತ್ತು ಗುಂಡಿಯ ಕಡೆ ನೋಡಿ, ಕುರಿಗಳನ್ನು ಕೆರೆ ಏರಿಯ ಆಚೆ ಹೊಡೆದುಕೊಂಡು ಹೋದಳು.

ನಾನು ಗಿರಣಿಯ ಗೋಡೆಯ ಮರೆಯಲ್ಲಿ ಕೂತು ಪರದೆ ನೋಡುತ್ತ ಪಂಪು ಚಾಲೂ ಮಾಡಿದೆ. ಒತ್ತಡ ನಿಧಾನ ಏರಿತು. ರಾಕೆಟ್ಟಿಗೆ ಬೇಕಾದಷ್ಟನ್ನು ದಾಟಿತು. ನಾವು ಬಯಸಿದ್ದನ್ನೂ ದಾಟಿತು. ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ ಏನಾದರೂ ಅಂದಿರುತ್ತಿದ್ದೆ; ಸುಮ್ಮನೆ ಅಂಕಿ ನೋಡಿದೆ. ಆಮೇಲೆ ಢಬ್ ಎಂದು ನೆಲ ಅದುರಿ, ಗುಂಡಿಯಿಂದ ನೀರು ಎದ್ದು ಬಿತ್ತು.

ಓಡಿ ಹೋಗಿ ನೋಡಿದೆ. ಹಾಳೆ ನಟ್ಟನಡುವೆ ಉದ್ದಕ್ಕೆ ಸೀಳಿತ್ತು. ಸೀಳು ಬೆಸುಗೆಯವರೆಗೆ ಬಂದು, ಅಲ್ಲಿ ಪಕ್ಕಕ್ಕೆ ತಿರುಗಿಕೊಂಡಿತ್ತು. ಬೆಸುಗೆ ಎಲ್ಲೂ ಬಿಟ್ಟಿರಲಿಲ್ಲ. ಕೆಸರಿನಲ್ಲಿ ಮಂಡಿಯೂರಿ ಅದನ್ನು ಮತ್ತೆ ಮತ್ತೆ ಮುಟ್ಟಿದೆ.

ಆಫೀಸಿಗೆ ಫೋನು ಮಾಡಿದೆ. ಎತ್ತಿದವರ ಹಿಂದೆ ಗಲಾಟೆ, ಚಪ್ಪಾಳೆ. ಎಂಜಿನ್ನೂ ಚೆನ್ನಾಗಿ ಉರಿದಿತ್ತು. "ತುಂಬಾ ಒಳ್ಳೇದಾಯ್ತು ಮೇಡಂ, ಡೇಟಾ ಕಳಿಸಿಬಿಡಿ," ಎಂದು ಇಟ್ಟರು. ಯೋಚನೆ ಮಾಡದೆ ಅವನ ನಂಬರು ಒತ್ತಿದೆ.

"ಇವತ್ತು ಟ್ಯಾಂಕು..."

"ಹೇಳ್ಬೇಡ," ಎಂದ. ಮೆಲ್ಲಗೆ, ಬೇಜಾರಿನಿಂದಲೇ ಎಂದ. "ಬಿಡುವಾಗ ಸೈನ್ ಹಾಕಿ ಬಂದಿದೀನಿ ಮಾರಾಯ್ತಿ. ನಿಮ್ಮ ಕೆಲಸದ್ದು ನಾನು ಕೇಳೋ ಹಾಗಿಲ್ಲ. ನೀನೂ ಹೇಳೋ ಹಾಗಿಲ್ಲ."

"ಹೌದಲ್ಲ."

"ಊಟ ಆಯ್ತಾ?" ಎಂದು ಕೇಳಿದ.

"ಆಯ್ತು." ಆಗಿರಲಿಲ್ಲ.

"ಅಲ್ಲಿ ಮಳೆ ಇದ್ಯಾ?"

"ಇಲ್ಲ, ಬಿಸಿಲು."

ಇಷ್ಟು ಮಾತಾಡಿ ಇಟ್ಟೆವು. ಗಿರಣಿಯ ಮೆಟ್ಟಿಲ ಮೇಲೆ ಕೂತಿದ್ದಾಗ ಕುರಿಯ ಹೆಂಗಸು ಬೇಲಿಯ ಹತ್ತಿರ ಬಂದು ನಿಂತಳು.

"ಸಪ್ಪಳಕ್ಕ ಕುರಿ ಎಲ್ಲಾ ಒಂದಕ್ಕೊಂದು ಹತ್ತಿಕೊಂಡು ನಿಂತ್ವು. ಆತೇನ್ರಿ ಕೆಲಸ?"

"ಆಯ್ತು."

"ಚಲೋ ಆತೇನ್ರಿ?"

"ಚಲೋ ಆಯ್ತು."

"ಮತ್ಯಾಕ ಹಿಂಗ ಕುಂತೀರಿ?"

ನಾನು ಮಂಡಿಗಂಟಿದ ಕೆಸರು ಕೆರೆದುಕೊಂಡೆ. ಅವಳು ಬೇಲಿಯ ಆಚೆ ನೆಲದ ಮೇಲೆ ಕೂತಳು. ಕುರಿಗಳು ಚದುರುವವರೆಗೂ ಕೂತಿದ್ದಳು.

ಅದೇ ವಿನ್ಯಾಸದ ಟ್ಯಾಂಕು ಮುಂದಿನ ವರ್ಷ ಹಾರಿತು. ಆ ಹೊತ್ತಿಗೆ ಅವನ ಫೋನು ಹಬ್ಬಕ್ಕೊಂದು ಎನ್ನುವಷ್ಟಕ್ಕೆ ಇಳಿದಿತ್ತು. ನನ್ನನ್ನು ಮುಂದಿನ ಟ್ಯಾಂಕಿಗೆಂದು ಗಿರಣಿಯಲ್ಲೇ ಬಿಟ್ಟಿದ್ದರು. ಅಲ್ಲಿ ವಿಡಿಯೊ ಬರುವಷ್ಟು ನೆಟ್‌ವರ್ಕ್ ಇರಲಿಲ್ಲ. ಬಸ್ಸು ಹಿಡಿದು ಕುಬಟೂರಿಗೆ ಹೋಗಿ, ಹಳೆಯ ದೇವಸ್ಥಾನದ ಕಟ್ಟೆಯ ಮೇಲೆ ಫೋನು ಹಿಡಿದು ಕೂತೆ. ರಾಕೆಟ್ಟು ನೆಲ ಬಿಟ್ಟು ಮೋಡದೊಳಗೆ ಹೋಯಿತು. ಟ್ಯಾಂಕು ಖಾಲಿಯಾಗಿ ಕಳಚಿಕೊಂಡಿತೆಂದು ಪರದೆಯಲ್ಲಿ ಹೇಳುವಷ್ಟರಲ್ಲಿ ಒಂದು ಸಂಸಾರ ಮುಂದೆ ಬಂದು ನಿಂತಿತು.

"ನಮ್ದೊಂದು ಫೋಟೊ ತೆಗ್ದು ಕೊಡ್ತೀರಾ?" ಎಂದು ಗಂಡ ಕೇಳಿದ.

ನನ್ನ ಫೋನನ್ನು ಕಟ್ಟೆಯ ಮೇಲಿಟ್ಟು ಅವರದನ್ನು ತೆಗೆದುಕೊಂಡೆ. ಎಲ್ಲರೂ ಕಂಬದ ಪಕ್ಕ ಒತ್ತಿಕೊಂಡು ನಿಂತರು. ಅಜ್ಜಿಯೊಬ್ಬರು ಬಿಸಿಲಿಗೆ ಕಣ್ಣು ಮುಚ್ಚಿದ್ದರು; ಅವರು ಕಣ್ಣು ಬಿಡುವವರೆಗೆ ಕಾದು ತೆಗೆದೆ.